ಗಾಡಿ ಹೊರಡುವ ಮುನ್ನಿನ ಹತ್ತು ನಿಮಿಷ

ಈ ಅಂಕಣಕ್ಕೆ ಊರಿನಿಂದ ಬರುವ ಪತ್ರಗಳಲ್ಲಿ ವೀಸಾದ ಬಗ್ಗೆ ಪ್ರಶ್ನೆಗಳಿರುತ್ತವೆ. ಮನೆ ಬಾಡಿಗೆ, ಚಳಿ, ಮಕ್ಕಳ ಶಾಲೆ, ಸಂಬಳದಲ್ಲಿ ಕೈಗೆ ಉಳಿಯುವುದೆಷ್ಟು ಎಂಬುದರ ಬಗ್ಗೆಯೂ ಇರುತ್ತವೆ. ಕಾರಿನ ವಿಷಯ ಕೇಳುವವರೂ ಉಂಟು. ಆದರೆ ಅವರು ಕೇಳುವುದು ಬೆಲೆಯನ್ನು, ಕಂತನ್ನು, ವಿಮೆಯನ್ನು. ಕಾರಿನೊಳಗಿನ ಗುಂಡಿ, ಲಿವರ್, ಬೆಲ್ಟುಗಳ ಬಗ್ಗೆ ಕೇಳಿದವರನ್ನು ನಾನು ಕಾಣೆ. ಬೆಂಗಳೂರಿನ ದಟ್ಟಣೆಯಲ್ಲಿ ಹತ್ತು ವರ್ಷ ಗಾಡಿ ಓಡಿಸಿದವನಿಗೆ ಅಮೆರಿಕದ ಅಗಲವಾದ ರಸ್ತೆ ಯಾವ ಲೆಕ್ಕ ಎಂಬ ಧೈರ್ಯ ನಮ್ಮವರಲ್ಲಿದೆ. ಆ ಧೈರ್ಯಕ್ಕೆ ಆಧಾರವಿಲ್ಲವೆಂದು ಹೇಳಲಾರೆ; ಸಿಲ್ಕ್ ಬೋರ್ಡ್ ವೃತ್ತವನ್ನು ದಾಟಿದ ಕೈಗಳಿಗೆ ಅದರದೇ ಆದ ಕುಶಲತೆಯಿದೆ. ಆದರೆ ಆ ಕೈಗಳಿಗೆ ಅಂಟಿದ ಅಭ್ಯಾಸವೇ ಇಲ್ಲಿ ಮೊದಲ ಅಡ್ಡಿಯಾಗುತ್ತದೆ.

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಚಾಲನಾ ಪರೀಕ್ಷೆ ಆರಂಭವಾಗುವುದು ನಿಂತ ಕಾರಿನಲ್ಲಿ. ಪರೀಕ್ಷಕರು ಹೆಡ್‌ಲೈಟಿನ ಗುಂಡಿ ಎಲ್ಲಿ, ವೈಪರ್ ಯಾವುದು, ಗಾಜಿನ ಮಂಜು ತೆಗೆಯುವ ಡಿಫ್ರಾಸ್ಟರ್ ಎಲ್ಲಿ, ಅಪಾಯ ಸೂಚಕ ದೀಪ ಹಾಕುವುದು ಹೇಗೆ, ಪಾರ್ಕಿಂಗ್ ಬ್ರೇಕ್ ತೋರಿಸಿ ಎಂದು ಒಂದೊಂದಾಗಿ ಕೇಳುತ್ತಾರೆ. ಇಂಡಿಕೇಟರ್ ಕೆಟ್ಟರೆ ಕೈಸನ್ನೆ ಮಾಡುವ ಬಗೆಯನ್ನೂ ವಿಚಾರಿಸುತ್ತಾರೆ. ಇಷ್ಟಾದ ಮೇಲೆಯೇ ಗಾಡಿ ಕದಲುವುದು. ನಮ್ಮ ಬಡಾವಣೆಗೆ ಹೊಸದಾಗಿ ಬರುವ ಕನ್ನಡಿಗರಿಗೆ ಗಾಡಿ ರೂಢಿ ಮಾಡಿಸುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಅವರಲ್ಲಿ ಅನೇಕರು ಈ ಪ್ರಶ್ನೆಗಳನ್ನು ಬರಿಯ ಶಾಸ್ತ್ರವೆಂದು ನಗುತ್ತಾರೆ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ತಿರುಳು ಅದೇ. ಮಳೆ ಸುರಿಯತೊಡಗಿದಾಗ, ಗಂಟೆಗೆ 65 ಮೈಲಿ ವೇಗದಲ್ಲಿ, ವೈಪರ್ ಎಲ್ಲಿದೆ ಎಂದು ಕಣ್ಣು ಕೆಳಗಿಳಿಸಿ ಹುಡುಕುವ ಎರಡು ಸೆಕೆಂಡುಗಳಲ್ಲಿ ಕಾರು ಸುಮಾರು 58 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರವನ್ನು ಅದು ಕಣ್ಣಿಲ್ಲದೆ ಕ್ರಮಿಸಿದಂತೆ.

ಭಾರತದ ಬಹುಪಾಲು ಕಾರುಗಳಲ್ಲಿ ಇಂಡಿಕೇಟರಿನ ಲಿವರ್ ಸ್ಟಿಯರಿಂಗಿನ ಬಲಕ್ಕೆ, ವೈಪರಿನದು ಎಡಕ್ಕೆ. ಅಮೆರಿಕದ ಕಾರುಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಹೊಸಬರು ತಿರುವಿನಲ್ಲಿ ಸೂಚನೆ ಕೊಡಲು ಹೋಗಿ ಒಣ ಗಾಜಿನ ಮೇಲೆ ವೈಪರ್ ಆಡಿಸುವುದನ್ನು ಕಂಡು ಪಕ್ಕದವರು ನಗುತ್ತಾರೆ. ಹಿಂದಿನ ಗಾಡಿಯವನಿಗೆ ಅದು ನಗೆಯ ಮಾತಲ್ಲ. ಅವನಿಗೆ ಕಾಣುವುದು ಯಾವ ಸೂಚನೆಯೂ ಇಲ್ಲದೆ ವೇಗ ಇಳಿಸಿದ ಒಂದು ಕಾರು ಮಾತ್ರ. ಇಲ್ಲಿನ ರಸ್ತೆಯಲ್ಲಿ ಹಾರ್ನ್ ಅಪರೂಪ, ದೀಪವೇ ಭಾಷೆ. ಆ ಭಾಷೆ ಬಾರದೆ ಮುಖ್ಯರಸ್ತೆಗೆ ಇಳಿಯಬಾರದು. ಅಲ್ಲದೆ ಊರಿನಲ್ಲಿ ಅನೇಕರು ವೃತ್ತದಲ್ಲಿ ನೇರವಾಗಿ ಹೋಗುವುದಕ್ಕೂ, ಜೋರು ಮಳೆಯಲ್ಲಿ ಚಲಿಸುವಾಗಲೂ ನಾಲ್ಕೂ ದೀಪಗಳನ್ನು ಮಿನುಗಿಸುತ್ತಾರೆ. ಆ ದೀಪಗಳ ಅರ್ಥ ‘ನನ್ನ ಗಾಡಿ ನಿಂತಿದೆ, ತೊಂದರೆಯಲ್ಲಿದೆ’ ಎಂಬುದು. ಬಹಳಷ್ಟು ಕಾರುಗಳಲ್ಲಿ ಅವು ಮಿನುಗುತ್ತಿರುವಾಗ ಎಡಬಲದ ಸೂಚನೆಯೇ ಕಾಣುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಚಲಿಸುವಾಗ ಅವುಗಳ ಬಳಕೆಗೆ ನಿರ್ಬಂಧವೂ ಇದೆ.

ಗೇರಿನ ವಿಷಯಕ್ಕೆ ಬರೋಣ. ಇಲ್ಲಿ ಹೆಚ್ಚಿನವು ಆಟೊಮ್ಯಾಟಿಕ್ ಗಾಡಿಗಳು. ಪಿ, ಆರ್, ಎನ್, ಡಿ ಎಂಬ ಅಕ್ಷರಗಳು ಇದೇ ಕ್ರಮದಲ್ಲಿರುತ್ತವೆ. ಈ ಕ್ರಮಕ್ಕೆ ಒಂದು ಇತಿಹಾಸವಿದೆ. ಹಿಂದೆ ಕೆಲವು ಕಾರುಗಳಲ್ಲಿ ಹಿಮ್ಮುಖದ ಗೇರು ಮುಂದಕ್ಕೆ ಹೋಗುವ ಗೇರಿನ ಪಕ್ಕದಲ್ಲೇ, ಕೊನೆಯಲ್ಲಿರುತ್ತಿತ್ತು. ಮುಂದಕ್ಕೆ ಹೋಗಬೇಕಾದ ಗಾಡಿ ಹಿಂದಕ್ಕೆ ನುಗ್ಗಿ ಅವಘಡಗಳಾಗುತ್ತಿದ್ದವು. 1965ರಲ್ಲಿ ರಾಲ್ಫ್ ನೇಡರ್ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಎಂಬ ಪುಸ್ತಕದಲ್ಲಿ ಇಂಥ ವಿನ್ಯಾಸದೋಷಗಳನ್ನು ದೇಶದ ಮುಂದಿಟ್ಟರು. 1966ರಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. ಅದರಡಿ ರೂಪುಗೊಂಡ ನಿಯಮವು ಮುಂದಿನ ಮತ್ತು ಹಿಂದಿನ ಗೇರುಗಳ ನಡುವೆ ನ್ಯೂಟ್ರಲ್ ಇರಲೇಬೇಕೆಂದು ವಿಧಿಸಿತು. ಇಂದು ಕೆಲವು ಕಾರುಗಳಲ್ಲಿ ಲಿವರಿನ ಬದಲು ತಿರುಗಿಸುವ ಅಥವಾ ಒತ್ತುವ ಗುಂಡಿ ಬಂದಿದೆ. ಕೈಗೆ ಸ್ಥಾನ ತಿಳಿಯದ ಇಂಥ ಗಾಡಿಯಲ್ಲಿ, ಡ್ಯಾಶ್‌ಬೋರ್ಡಿನಲ್ಲಿ ‘ಪಿ’ ಎಂಬ ಅಕ್ಷರ ಮೂಡಿದ್ದನ್ನು ಕಣ್ಣಾರೆ ನೋಡದೆ ಬಾಗಿಲು ತೆರೆಯಬಾರದು. ಜೊತೆಗೆ ಪಾರ್ಕಿಂಗ್ ಬ್ರೇಕನ್ನೂ ಹಾಕಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಇಳಿಜಾರುಗಳಲ್ಲಿ ಚಕ್ರಗಳನ್ನು ತಿರುಗಿಸಿ ನಿಲ್ಲಿಸಬೇಕೆಂಬುದು ಕಾನೂನೇ ಆಗಿದೆ: ಇಳಿಮುಖವಾಗಿ ನಿಂತಾಗ ಪಾದಚಾರಿ ಕಟ್ಟೆಯ ಕಡೆಗೆ, ಏರುಮುಖವಾಗಿ ನಿಂತಾಗ ಕಟ್ಟೆಯಿಂದ ಆಚೆಗೆ. ಗಾಡಿ ಜಾರಿದರೂ ಕಟ್ಟೆ ಅದನ್ನು ತಡೆಯಲಿ ಎಂಬುದು ಇದರ ಉದ್ದೇಶ.

ಇನ್ನು ಸೀಟ್ ಬೆಲ್ಟ್. ಸೊಂಟ ಮತ್ತು ಎದೆಯನ್ನು ಒಟ್ಟಿಗೆ ಹಿಡಿಯುವ ಈಗಿನ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ವೋಲ್ವೊ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಆ ಸಂಸ್ಥೆ ಅದರ ಹಕ್ಕನ್ನು ತನಗೇ ಕಟ್ಟಿಟ್ಟುಕೊಳ್ಳದೆ ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. ಮುಂದಿನ ಸೀಟಿನಲ್ಲಿ ಬೆಲ್ಟ್ ಧರಿಸಿದವರ ಸಾವಿನ ಅಪಾಯ ಶೇ 45ರಷ್ಟು ಕಡಿಮೆಯಾಗುತ್ತದೆ ಎಂಬುದು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತದ ಅಂದಾಜು. ಆದರೆ ಬೆಲ್ಟ್ ಹಾಕುವುದು ಬೇರೆ, ಸರಿಯಾಗಿ ಹಾಕುವುದು ಬೇರೆ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಗರ್ಭಿಣಿಯರಿಗೆ ಹೊಟ್ಟೆಯ ಕೆಳಗೆ. ಮೇಲಿನ ಪಟ್ಟಿ ಕತ್ತಿಗೂ ತೋಳಿಗೂ ನಡುವೆ, ಹೆಗಲು ಹಾಗೂ ಎದೆಯ ಮೇಲೆ ಹಾದುಹೋಗಬೇಕು. ಸೀರೆಯ ಸೆರಗು ಮುದುಡುತ್ತದೆಂದು ಅದನ್ನು ಕಂಕುಳ ಕೆಳಗೆ ತೂರಿಸುವುದು, ಬೆನ್ನ ಹಿಂದೆ ಹಾಕಿಕೊಳ್ಳುವುದು ನಮ್ಮ ಹಿರಿಯರಲ್ಲಿ ಸಾಮಾನ್ಯ. ಅಪಘಾತದಲ್ಲಿ ಆಗ ಇಡೀ ಹೊಡೆತ ಪಕ್ಕೆಲುಬು ಮತ್ತು ಹೊಟ್ಟೆಯ ಮೇಲೆ ಬೀಳುತ್ತದೆ.

ಹಿರಿಯರ ಮಾತು ಬಂದಾಗ ಒಂದು ಸಂಕೋಚವನ್ನು ಬಿಡಿಸಿ ಹೇಳಬೇಕು. ಊರಿನಿಂದ ಬಂದ ಅಪ್ಪ, ಮಾವಂದಿರಿಗೆ ‘ಬೆಲ್ಟ್ ಹಾಕಿಕೊಳ್ಳಿ’ ಎಂದು ಹೇಳುವುದು ನಮ್ಮ ಅನೇಕ ಮನೆಗಳಲ್ಲಿ ಹಿರಿಯರನ್ನು ತಿದ್ದಿದಂತೆ ಅನ್ನಿಸುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಅದೇಕೆ ಎಂಬ ಪ್ರಶ್ನೆಯೂ ಇರುತ್ತದೆ. ಆದರೆ ಕಾರು ತಟ್ಟನೆ ನಿಂತಾಗ ಹಿಂದೆ ಕೂತವರ ದೇಹ ಹಳೆಯ ವೇಗದಲ್ಲೇ ಮುಂದಕ್ಕೆ ಹಾರುತ್ತದೆ. ಮುಂದೆ ಬೆಲ್ಟ್ ಧರಿಸಿ ಕೂತ ಮಗನನ್ನೋ ಮಗಳನ್ನೋ ಹಿಂದಿನಿಂದ ಅಪ್ಪಳಿಸುತ್ತದೆ. ಹಾಗಾಗಿ ಹಿಂದೆ ಕೂತವರು ಬೆಲ್ಟ್ ಧರಿಸುವುದು ತಮಗಾಗಿ ಮಾತ್ರವಲ್ಲ. ಈ ಒಂದು ಮಾತನ್ನು ಹೇಳಿದಾಗ ಹಟ ಹಿಡಿದ ಹಿರಿಯರು ಮರುಮಾತಿಲ್ಲದೆ ಬೆಲ್ಟ್ ಎಳೆದುಕೊಂಡದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಎಲ್ಲಕ್ಕಿಂತ ಕಠಿಣವಾದದ್ದು ಬಾಣಂತನಕ್ಕೆ ಬಂದ ಅಜ್ಜಿಗೂ ಮಗುವಿನ ಆಸನಕ್ಕೂ ನಡುವಿನ ಜಗಳ. “ಹಸುಗೂಸನ್ನ ಹೀಗೆ ಬೆನ್ನು ತಿರುಗಿಸಿ ಕಟ್ಟಿಹಾಕ್ತೀರಲ್ಲಾ, ನನ್ನ ಮಡಿಲಿಗಿಂತ ಇದು ಹೆಚ್ಚೇ?” ಎಂದು ಕೇಳುವ ಅಜ್ಜಿಯ ನೋವು ಸುಳ್ಳಲ್ಲ. ಅದಕ್ಕೆ ‘ಇಲ್ಲಿ ಹಾಗೇ ಕಾನೂನು ಅಮ್ಮ’ ಎಂಬುದಷ್ಟೇ ಉತ್ತರವಾಗಬಾರದು. ಲೆಕ್ಕ ಹೇಳಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿಯಾಗಿ ಅರ್ಧ ಮೀಟರಿನಲ್ಲಿ ನಿಂತರೆ, 10 ಕಿಲೋ ತೂಕದ ಮಗುವನ್ನು ತಡೆಹಿಡಿಯಲು ಬೇಕಾದ ಬಲ ಸುಮಾರು 200 ಕಿಲೋ ಭಾರವನ್ನು ಎತ್ತಿ ಹಿಡಿಯುವಷ್ಟು. ಯಾವ ಅಜ್ಜಿಯ ತೋಳಿಗೂ, ಯಾವ ಪೈಲ್ವಾನನ ತೋಳಿಗೂ ಅದು ಸಾಧ್ಯವಿಲ್ಲ. ಎಳೆಯ ಮಗುವಿನ ತಲೆ ಭಾರ, ಕತ್ತು ಬಲಹೀನ. ಹಿಂಮುಖವಾಗಿ ಕೂರಿಸಿದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಕ್ಯಾಲಿಫೋರ್ನಿಯಾದ ಕಾನೂನಿನಂತೆ 2 ವರ್ಷದೊಳಗಿನ ಮಗು, ತೂಕ 40 ಪೌಂಡ್ ಅಥವಾ ಎತ್ತರ 40 ಇಂಚು ಮುಟ್ಟದ ಹೊರತು, ಹಿಂಮುಖ ಆಸನದಲ್ಲೇ ಇರಬೇಕು. ಚಳಿಗಾಲದಲ್ಲಿ ದಪ್ಪ ಕೋಟು ತೊಡಿಸಿ ಪಟ್ಟಿ ಬಿಗಿಯುವುದೂ ತಪ್ಪು; ಡಿಕ್ಕಿಯಲ್ಲಿ ಕೋಟು ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ ಬಿಗಿದು, ಮೇಲೆ ಕಂಬಳಿ ಹೊದಿಸಬೇಕು. ಕಂಬಳಿ ಹೊದಿಸುವ ಕೆಲಸ ಅಜ್ಜಿಯದೇ ಆಗಲಿ.

ಏರ್‌ಬ್ಯಾಗ್ ಇದೆಯಲ್ಲ ಎಂಬ ಸಮಾಧಾನವೂ ಅರ್ಧ ಸತ್ಯ. ಅದು ಬೆಲ್ಟಿನ ಜೊತೆಗೂಡಿ ಕೆಲಸ ಮಾಡಲೆಂದು ಇರುವಂಥದ್ದು, ಬೆಲ್ಟಿಗೆ ಬದಲಿಯಲ್ಲ. ರೆಪ್ಪೆ ಬಡಿಯುವುದಕ್ಕಿಂತ ಬೇಗ ಉಬ್ಬುವ ಆ ಚೀಲ ತೀರಾ ಹತ್ತಿರ ಕೂತವರಿಗೆ ಗಾಯ ಮಾಡಬಲ್ಲದು. ಆದ್ದರಿಂದ ಎದೆಮೂಳೆಗೂ ಸ್ಟಿಯರಿಂಗಿನ ನಡುಭಾಗಕ್ಕೂ ಕನಿಷ್ಠ 10 ಇಂಚು ಅಂತರವಿರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಂಮುಖ ಶಿಶು ಆಸನವನ್ನು ಎಂದಿಗೂ ಇಡಬಾರದು. ಬ್ರೇಕಿನ ವಿಷಯದಲ್ಲೂ ಹಳೆಯ ಪಾಠವೊಂದನ್ನು ಮರೆಯಬೇಕು. ಜಾರುವ ರಸ್ತೆಯಲ್ಲಿ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಕೆಂದು ಹಿಂದೆ ಕಲಿಸುತ್ತಿದ್ದರು. ಎಬಿಎಸ್ ಇರುವ ಕಾರಿನಲ್ಲಿ ಆ ಕೆಲಸವನ್ನು ಯಂತ್ರವೇ ಮಾಡುತ್ತದೆ. ಗಟ್ಟಿಯಾಗಿ ಒತ್ತಿ ಹಿಡಿಯಬೇಕು; ಪೆಡಲ್ ಪಾದದಡಿ ಗಡಗಡ ನಡುಗಿದರೆ ಹೆದರಿ ಕಾಲು ತೆಗೆಯಬಾರದು.

ಹೊಸ ಕಾರುಗಳು ಮನುಷ್ಯನಿಗಿಂತ ಜಾಣವೆಂಬ ನಂಬಿಕೆ ಇತ್ತೀಚೆಗೆ ಬೆಳೆಯುತ್ತಿದೆ. ಪಥದೊಳಗೆ ಗಾಡಿಯನ್ನು ಹಿಡಿದಿಡುವ, ಮುಂದಿನ ಗಾಡಿಗೆ ತಕ್ಕಂತೆ ವೇಗ ಹೊಂದಿಸುವ ವ್ಯವಸ್ಥೆಗಳು ಬಂದಿವೆ. ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಅಳೆಯುವ ಪದ್ಧತಿಯಲ್ಲಿ ಇವು ಎರಡನೆಯ ಮೆಟ್ಟಿಲಿನವು. ಅಂದರೆ ಹೊಣೆ ಪೂರ್ತಿ ಚಾಲಕನದೇ. ಕನ್ನಡಿಯಲ್ಲಿ ಹಳದಿ ದೀಪ ಹೊತ್ತಲಿಲ್ಲವೆಂದ ಮಾತ್ರಕ್ಕೆ ಪಕ್ಕದ ಪಥ ಖಾಲಿ ಎಂದಲ್ಲ. ಹೆಗಲ ಮೇಲಿಂದ ಒಮ್ಮೆ ತಿರುಗಿ ನೋಡಲೇಬೇಕು. ಹಗಲಿನಲ್ಲಿ ತಾನಾಗಿ ಉರಿಯುವ ಮುಂದಿನ ದೀಪವನ್ನು ನಂಬಿದವರ ಗಾಡಿಯ ಹಿಂದಿನ ಕೆಂಪು ದೀಪಗಳು ಬಹಳಷ್ಟು ಕಾರುಗಳಲ್ಲಿ ಆರಿಯೇ ಇರುತ್ತವೆ. ಮಳೆ, ಮಂಜಿನಲ್ಲಿ ಆ ಕಾರು ಹಿಂದಿನವರಿಗೆ ಕಾಣುವುದೇ ಇಲ್ಲ. ವೈಪರ್ ಸತತವಾಗಿ ಆಡಬೇಕಾದಷ್ಟು ಮಳೆಯಿದ್ದರೆ ಹೆಡ್‌ಲೈಟ್ ಹಾಕಲೇಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನು ಹೇಳುವುದು ಸುಮ್ಮನಲ್ಲ. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳದು ಮತ್ತೊಂದು ಅಪಾಯ. ಸದ್ದಿಲ್ಲದ ಎಂಜಿನನ್ನು ಆರಿಸಲು ಮರೆತು, ಕೀಲಿ ಜೇಬಿಗಿಳಿಸಿ ಮನೆಯೊಳಗೆ ಹೋದರೆ, ಮನೆಗಂಟಿದ ಗ್ಯಾರೇಜಿನಿಂದ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ಹರಿಯುತ್ತದೆ. ಈ ದೇಶದಲ್ಲಿ ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಅವರಲ್ಲಿ ವೃದ್ಧರೇ ಹೆಚ್ಚು.

ಇಷ್ಟೆಲ್ಲ ಶಿಸ್ತನ್ನು ಇಲ್ಲಿ ಪಾಲಿಸುವ ನಮ್ಮವರಲ್ಲಿ ಅನೇಕರು ರಜೆಗೆ ಊರಿಗೆ ಹೋದಾಗ, ದೇವನಹಳ್ಳಿಯ ವಿಮಾನ ನಿಲ್ದಾಣದ ಬಾಗಿಲಲ್ಲೇ ಅದನ್ನು ಬಿಟ್ಟುಬಿಡುತ್ತಾರೆ. ಅಮೆರಿಕದಲ್ಲಿ ಆಸನದಲ್ಲಿ ಕಟ್ಟಿ ಕೂರಿಸಿದ ಮಗುವನ್ನು ಅಲ್ಲಿ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಹೊದಿಕೆಯ ಕೆಳಗೆ ಹುದುಗಿದ್ದರೆ ಕೇಳುವುದಿಲ್ಲ. ಇದನ್ನು ನಾನು ಒಪ್ಪಲಾರೆ. ಚಲನೆಯ ನಿಯಮಕ್ಕೆ ಪಾಸ್‌ಪೋರ್ಟ್ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಅದೇ ವರ್ಷ ಭಾರತದಲ್ಲಿ ಬೆಲ್ಟ್ ಧರಿಸದೆ ಸತ್ತವರ ಸಂಖ್ಯೆ 16,715 ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತು. ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಚಾಲಕರಲ್ಲ, ಪ್ರಯಾಣಿಕರು. 2019ರ ಜುಲೈನಿಂದ ಭಾರತದ ಹೊಸ ಕಾರುಗಳಲ್ಲಿ ಬೆಲ್ಟಿನ ಎಚ್ಚರಿಕೆ ಗಂಟೆ ಕಡ್ಡಾಯವಾಯಿತು. ಆ ಗಂಟೆಯ ಬಾಯಿ ಮುಚ್ಚಿಸುವ ಖೋಟಾ ಕೊಂಡಿಗಳೂ ಮಾರುಕಟ್ಟೆಗೆ ಬಂದವು. ಅವುಗಳ ಮಾರಾಟ ನಿಲ್ಲಿಸುವಂತೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆದೇಶಿಸಬೇಕಾಯಿತು. ಪ್ರಾಣ ಉಳಿಸುವ ಸದ್ದನ್ನು ಅಡಗಿಸಲು ದುಡ್ಡು ಕೊಡುವುದು ಎಂಥ ವ್ಯಾಪಾರ!

ಆದ್ದರಿಂದ ಹೊರದೇಶಕ್ಕೆ ಹೊರಡುವ ಸಿದ್ಧತೆಯಲ್ಲಿರುವ ತರುಣರಿಗೆ ನನ್ನ ಸಲಹೆ ಸರಳ. ಹೊಸ ಗಾಡಿಯಾಗಲಿ, ಬಾಡಿಗೆ ಗಾಡಿಯಾಗಲಿ, ಕೈಗೆ ಬಂದ ದಿನ ಅದನ್ನು ನಿಲ್ಲಿಸಿದಲ್ಲೇ ಹತ್ತು ನಿಮಿಷ ಕೂತುಕೊಳ್ಳಿ. ಸೀಟು, ತಲೆಯಾಸರೆ, ಕನ್ನಡಿಗಳನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ದೀಪ, ವೈಪರ್, ಡಿಫ್ರಾಸ್ಟರ್, ಪಾರ್ಕಿಂಗ್ ಬ್ರೇಕುಗಳನ್ನು ಕಣ್ಣಿಡದೆ ಮುಟ್ಟುವಷ್ಟು ಅಭ್ಯಾಸ ಮಾಡಿ. ಕಾರಿನ ಜೊತೆ ಬರುವ ಕೈಪಿಡಿಯನ್ನು ಬಾಂಡ್ ಪೇಪರ್ ಓದುವ ಶ್ರದ್ಧೆಯಿಂದ ಓದಿ.

ಊರಿನಲ್ಲಿರುವ ತಂದೆ ತಾಯಿಯರಿಗೆ ಇನ್ನೊಂದು ವಿನಂತಿ. ಮಕ್ಕಳಿಗೆ ದೂರವಾಣಿ ಮಾಡಿದಾಗ ‘ಊಟ ಆಯಿತೇ’ ಎಂದು ಕೇಳುತ್ತೀರಿ. ಇನ್ನು ಮುಂದೆ ‘ಬೆಲ್ಟ್ ಹಾಕಿದ್ದೀಯಾ’ ಎಂದೂ ಕೇಳಿ. ಅವರು ನಿಮ್ಮನ್ನು ಅದೇ ಪ್ರಶ್ನೆ ಕೇಳಿದರೆ ಬೇಸರಿಸದೆ ಉತ್ತರಿಸಿ. ಅಕ್ಕರೆಯಿಂದ ಕೇಳುವ ಮಾತು ಎರಡೂ ದಿಕ್ಕಿನಲ್ಲಿ ಹೋಗಬೇಕು.