ಕಡಲಡಿಯ ರೂಪಾಯಿ
1942ರ ಅಕ್ಟೋಬರದಲ್ಲಿ, ಸುಮಾರು ನೂರು ಟನ್ ಬೆಳ್ಳಿ ನಾಣ್ಯವನ್ನು ಹೇರಿಕೊಂಡು ಮುಂಬಯಿ ಬಂದರಿನಿಂದ ಇಂಗ್ಲೆಂಡಿಗೆ ಹೊರಟ ‘ಸಿಟಿ ಆಫ್ ಕೈರೋ’ ಎಂಬ ಉಗಿಹಡಗು, ನವೆಂಬರ್ 6ರಂದು ದಕ್ಷಿಣ ಅಟ್ಲಾಂಟಿಕ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೋಗೆ ತುತ್ತಾಗಿ ಮುಳುಗಿತು; ನೂರಕ್ಕೂ ಮಿಕ್ಕಿದ ಜನರು ಮೃತಪಟ್ಟರು. ಸುಮಾರು ಎಪ್ಪತ್ತು ವರ್ಷಗಳ ತರುವಾಯ, 2011ರಲ್ಲಿ, ಅದನ್ನು ಅರಸಿಹೋದ ಅನ್ವೇಷಕರು, ಸೂರ್ಯರಶ್ಮಿ ಸೋಕದ, ಮನುಷ್ಯದೇಹ ತಾಳಲಾರದ 5,150 ಮೀಟರ್ ಆಳಕ್ಕೆ ಯಂತ್ರದ ಕೈಗಳನ್ನಿಳಿಸಿ, ಇಬ್ಭಾಗವಾಗಿ ಹೂಳಿನಲ್ಲಿ ಹುದುಗಿದ್ದ ಹಡಗನ್ನು ಕಂಡು, 2013ರ ಹೊತ್ತಿಗೆ ನಮ್ಮ ಅಜ್ಜಂದಿರ ಸೊಂಟದ ಚೀಲದಲ್ಲಿ ಝಣಗುಟ್ಟಬೇಕಾಗಿದ್ದ ರೂಪಾಯಿಗಳನ್ನು ಟನ್ನುಗಟ್ಟಲೆ ಮೇಲಕ್ಕೆತ್ತಿದರು. ಸಾಹಸವನ್ನು ಮೆಚ್ಚಲೇಬೇಕು, ಗೌರವಪೂರ್ವಕವಾಗಿಯೇ ಇಲ್ಲಿಗೆ ಬಂದೆವೆಂದು ಸಾರುವ ಫಲಕವೊಂದನ್ನು ಆ ಕತ್ತಲೆಯಲ್ಲಿ ಅವರು ಇರಿಸಿಬಂದುದನ್ನಂತೂ ಇನ್ನೂ ಹೆಚ್ಚಾಗಿ. ರೂಪಾಯಿಗಳು ಮಾತ್ರ, ಹೊರಟ ಮುಂಬಯಿಗೆ ಮರಳದೆ, ಇಂಗ್ಲೆಂಡಿನಲ್ಲಿ ಕರಗಿಸಲ್ಪಟ್ಟು ಮಾರಾಟವಾದುವು.