ಗೋಡೆಗೆ ಚಿತ್ರ ವೇಳಾಪಟ್ಟಿ ಅಂಟಿಸಿದರೆ ಮಗುವಿನ ಹಠ ನಿಲ್ಲುತ್ತದೆಯೇ?

ಹಲ್ಲುಜ್ಜುವ ಬ್ರಷ್, ಸ್ನಾನದ ಬಕೆಟ್, ತಿಂಡಿ ತಟ್ಟೆ, ಶಾಲೆಯ ಬ್ಯಾಗ್. ಹೀಗೆ ಸಾಲಾಗಿ ಚಿತ್ರಗಳಿರುವ ಒಂದು ಪಟ್ಟಿ. ಕೆಳಗೆ ದೊಡ್ಡ ಅಕ್ಷರದಲ್ಲಿ, "ಇದನ್ನು ಗೋಡೆಗೆ ಅಂಟಿಸಿ, ಏಳೇ ದಿನದಲ್ಲಿ ಮಗುವಿನ ಹಠ ಮಾಯ!" ಇಂಥದ್ದೊಂದು ಮೆಸೇಜು ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನೊಂದು ಎಚ್ಚರಿಕೆ: "ಇದೆಲ್ಲ ಆಟಿಸಂ ಇರುವ ಮಕ್ಕಳಿಗೆ ಮಾತ್ರ. ಚಿತ್ರ ತೋರಿಸಿ ಬೆಳೆಸಿದರೆ ಮಗುವಿಗೆ ಮಾತು ತಡವಾಗುತ್ತದೆ."

ಎರಡರಲ್ಲಿ ಯಾವುದು ನಿಜ? ಚುಟುಕಾಗಿ ಹೇಳುವುದಾದರೆ, ಎರಡೂ ಅಲ್ಲ. ಚಿತ್ರ ವೇಳಾಪಟ್ಟಿ ಉಪಯೋಗಕ್ಕೆ ಬರುವ ಸಾಧನವೇ ಹೌದು. ಆದರೆ ಅದು ಮಂತ್ರವಲ್ಲ, ಅಪಾಯವೂ ಅಲ್ಲ. ಯಾಕೆ ಎಂದು ನೋಡೋಣ.

ಇದು ಸಣ್ಣ ವಿಷಯವಲ್ಲ

ಬೇಗೂರಿನಂಥ ಕಡೆ ಬೆಳಗಿನ ಹೊತ್ತು ಹೇಗಿರುತ್ತದೆ ಎಂದು ಅಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಹೇಳಬೇಕಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗೆ ಹೋಗುವ ಕ್ಯಾಬ್ ಕೆಳಗೆ ಬಂದು ನಿಂತಿರುತ್ತದೆ, ಇಲ್ಲವೇ ಗಾರ್ಮೆಂಟ್ಸ್ ಪಾಳಿಗೆ ಹೊತ್ತಾಗಿರುತ್ತದೆ. ಮೂರು ವರ್ಷದ ಮಗು ಚಡ್ಡಿಗೆ ಒಂದೇ ಕಾಲು ತೂರಿಸಿಕೊಂಡು ಟಿವಿ ಮುಂದೆ ಕೂತಿರುತ್ತದೆ. "ಬೇಗ ಪುಟ್ಟ, ಬೇಗ" ಎಂಬುದು ಹತ್ತು ಸಲ ಆದಮೇಲೆ ಗದರಿಕೆ, ಕೆಲವು ದಿನ ಏಟು. ಮಗು ಅಳುತ್ತಾ ಡೇ ಕೇರ್‌ಗೆ, ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಕೆಲಸಕ್ಕೆ. ಈ ಏಟು ಮತ್ತು ಅಳು ಸ್ವಲ್ಪ ಕಡಿಮೆಯಾದರೂ ಅದು ದೊಡ್ಡ ಲಾಭ. ಅದಕ್ಕೇ ಇಂಥ ಫಾರ್ವರ್ಡ್‌ಗಳು ಅಷ್ಟು ಬೇಗ ಹರಡುತ್ತವೆ.

ಮಗು ಮಾಡುವುದು ಹಠವೇ?

ನಾವು ಹಠ ಎನ್ನುವುದರಲ್ಲಿ ಒಂದು ಪಾಲು ಹಠವೇ ಅಲ್ಲ. ಮೂರು ವರ್ಷದ ಮಗುವಿಗೆ "ಇನ್ನು ಐದು ನಿಮಿಷ" ಎಂದರೆ ಎಷ್ಟು ಎಂದು ಗೊತ್ತಿರುವುದಿಲ್ಲ. ಗಡಿಯಾರ ಅದಕ್ಕೆ ಇನ್ನೂ ಅರ್ಥವಾಗಿಲ್ಲ. "ಎದ್ದು ಹಲ್ಲುಜ್ಜಿ, ಸ್ನಾನ ಮಾಡಿ, ತಿಂಡಿ ತಿಂದು ಶೂ ಹಾಕ್ಕೋ" ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ನಾಲ್ಕು ಕೆಲಸವನ್ನು ಕ್ರಮವಾಗಿ ತಲೆಯಲ್ಲಿ ಇಟ್ಟುಕೊಳ್ಳುವ ಶಕ್ತಿಯೂ ಆ ವಯಸ್ಸಿಗೆ ಬಂದಿರುವುದಿಲ್ಲ. ಅದು ನಿಧಾನವಾಗಿ, ವರ್ಷಗಳ ಮೇಲೆ ಬೆಳೆಯುವ ಸಾಮರ್ಥ್ಯ.

ಮಾತು ಆಡಿದ ಕೂಡಲೇ ಮುಗಿದುಹೋಗುತ್ತದೆ. ಚಿತ್ರ ಗೋಡೆಯ ಮೇಲೆ ಹಾಗೇ ಇರುತ್ತದೆ. ಮಗು ತಿರುಗಿ ನೋಡಬಹುದು, ಮುಂದೇನು ಎಂದು ತಾನೇ ಕಂಡುಕೊಳ್ಳಬಹುದು. ಚಿತ್ರ ವೇಳಾಪಟ್ಟಿಯ ಗುಟ್ಟು ಇಷ್ಟೇ. ಆಟ ಇದ್ದಕ್ಕಿದ್ದಂತೆ ನಿಂತಾಗ ಬರುವ ಅಳು, ಮುಂದೇನು ಎಂದು ಮೊದಲೇ ಗೊತ್ತಿದ್ದರೆ ಕಡಿಮೆಯಾಗಬಹುದು.

ಆಟಿಸಂ ಮಕ್ಕಳಿಗೆ ಮಾತ್ರವೇ?

ಈ ಮಾತಿಗೆ ಒಂದು ಹಿನ್ನೆಲೆ ಇದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಅವರು 1972ರಲ್ಲಿ ಕಟ್ಟಿದ 'ಟೀಚ್' ಎಂಬ ಕಾರ್ಯಕ್ರಮ ಆಟಿಸಂ ಇರುವ ಮಕ್ಕಳಿಗಾಗಿ ಚಿತ್ರ ವೇಳಾಪಟ್ಟಿಯನ್ನು ವ್ಯವಸ್ಥಿತವಾಗಿ ಬಳಸಿತು. ಹೆಚ್ಚಿನ ಅಧ್ಯಯನಗಳು ನಡೆದಿರುವುದೂ ಅಂಥ ಮಕ್ಕಳ ಜೊತೆಯೇ. ಆಟಿಸಂಗೆ ಪುರಾವೆಯಿರುವ ಕ್ರಮಗಳು ಯಾವುವು ಎಂದು ಅಮೆರಿಕದ ತಜ್ಞರು 2020ರಲ್ಲಿ ಮಾಡಿದ 28 ಕ್ರಮಗಳ ಪಟ್ಟಿಯಲ್ಲಿ, ಚಿತ್ರಗಳಂತಹ ಕಣ್ಣಿಗೆ ಕಾಣುವ ನೆರವುಗಳೂ ಸೇರಿವೆ.

ಹಾಗೆಂದು ಬೇರೆ ಮಕ್ಕಳು ಬಳಸಬಾರದು ಎಂದೇನಿಲ್ಲ. ನಾವು ದೊಡ್ಡವರೇ ಕ್ಯಾಲೆಂಡರ್ ನೋಡುತ್ತೇವೆ, ಸಾಮಾನಿನ ಚೀಟಿ ಬರೆಯುತ್ತೇವೆ. ಓದು ಬಾರದ ಮಗುವಿಗೆ ಚಿತ್ರವೇ ಚೀಟಿ. ಆದರೆ ಉಳಿದ ಮಕ್ಕಳ ವಿಷಯದಲ್ಲಿ ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಕ್ರಮವಾದ ದಿನಚರಿಯಿಂದ ಲಾಭವಿದೆ ಎಂಬುದಕ್ಕೆ ಆಧಾರಗಳಿವೆ. ಉದಾಹರಣೆಗೆ, 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 405 ತಾಯಂದಿರು ಪುಟ್ಟ ಮಕ್ಕಳೊಂದಿಗೆ ಪಾಲ್ಗೊಂಡಿದ್ದರು. ಮಲಗುವ ಮುನ್ನ ದಿನವೂ ಒಂದೇ ಕ್ರಮ ಪಾಲಿಸಿದ ಮನೆಗಳಲ್ಲಿ ಮಕ್ಕಳ ನಿದ್ದೆ ಸುಧಾರಿಸಿತು. ಆದರೆ ಅಲ್ಲಿ ಪರೀಕ್ಷಿಸಿದ್ದು ದಿನಚರಿಯನ್ನು, ಚಿತ್ರಗಳನ್ನಲ್ಲ. ಅಂದರೆ ಕೆಲಸ ಮಾಡುವುದು ಕ್ರಮ. ಚಿತ್ರ ಆ ಕ್ರಮವನ್ನು ನೆನಪಿಸುವ ಸಹಾಯಕ.

ಚಿತ್ರ ತೋರಿಸಿದರೆ ಮಾತು ನಿಲ್ಲುತ್ತದೆಯೇ?

ಅಜ್ಜಿಯರು ಹೆಚ್ಚು ಹೆದರುವುದು ಇದಕ್ಕೆ. ಈ ಭಯವನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಬೆಳವಣಿಗೆಯ ತೊಂದರೆಯಿರುವವರಿಗೆ ಸನ್ನೆ, ಚಿತ್ರ ಮುಂತಾದವುಗಳಿಂದ ಸಂವಹನ ಕಲಿಸಿದಾಗ ಮಾತು ಏನಾಗುತ್ತದೆ ಎಂಬ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಟ್ಟಿ ಪುರಾವೆ ಸಿಕ್ಕ 27 ಮಂದಿಯ ಪೈಕಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಶೇ 89 ಮಂದಿಯಲ್ಲಿ ಮಾತು ಸ್ವಲ್ಪವಾದರೂ ಹೆಚ್ಚಿತ್ತು. ಸಂಖ್ಯೆ ಸಣ್ಣದು, ನಿಜ. ಆದರೂ ಚಿತ್ರದಿಂದ ಮಾತು ನಿಲ್ಲುತ್ತದೆ ಎಂಬ ಮಾತಿಗೆ ಅದು ಬೆಂಬಲ ಕೊಡುವುದಿಲ್ಲ.

ಚಿತ್ರ ತೋರಿಸುವಾಗ ಬಾಯಿ ಮುಚ್ಚಿಕೊಂಡಿರಬೇಕಿಲ್ಲ. "ನೋಡು ಕಂದ, ಹಲ್ಲುಜ್ಜಿದ್ದಾಯ್ತು. ಈಗ ಏನು?" ಎಂದು ಕೇಳಿ. ಆಗ ಪಟ್ಟಿಯೇ ಮಾತಿಗೆ ನೆಪವಾಗುತ್ತದೆ. ಮನೆಯಲ್ಲಿ ಕನ್ನಡ, ನೋಡಿಕೊಳ್ಳುವ ಅಕ್ಕ ತೆಲುಗಿನವರು, ಡೇ ಕೇರ್‌ನಲ್ಲಿ ಹಿಂದಿ ಇಂಗ್ಲಿಷ್. ಬೇಗೂರಿನ ಸುತ್ತಮುತ್ತ ಇದು ಸಾಮಾನ್ಯ. ಮಾತು ಬದಲಾದರೂ ಬಕೆಟ್ಟಿನ ಚಿತ್ರ ಎಲ್ಲರಿಗೂ ಬಕೆಟ್ಟೇ. ಅದೇ ಪಟ್ಟಿಯ ಇನ್ನೊಂದು ಪ್ರತಿಯನ್ನು ನೋಡಿಕೊಳ್ಳುವವರಿಗೂ ಕೊಡಬಹುದು.

ಮನೆಯಲ್ಲೇ ಮಾಡುವುದು ಹೇಗೆ?

ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಹಳೆ ಕ್ಯಾಲೆಂಡರ್‌ನ ಹಿಂಬದಿ, ನಾಲ್ಕು ಬಟ್ಟೆ ಕ್ಲಿಪ್ಪು, ಒಂದು ಲಕೋಟೆ ಸಾಕು.

1. ಇಡೀ ದಿನದ ಪಟ್ಟಿ ಬೇಡ. ಹೆಚ್ಚು ಗಲಾಟೆ ಆಗುವ ಒಂದೇ ಹೊತ್ತನ್ನು ಆರಿಸಿ: ಬೆಳಗ್ಗೆ ಅಥವಾ ಮಲಗುವ ಹೊತ್ತು.

2. ಎರಡು ವರ್ಷದ ಆಸುಪಾಸಿನ ಮಗುವಿಗೆ ಎರಡೇ ಚಿತ್ರ: "ಮೊದಲು ಶೂ, ಆಮೇಲೆ ಪಾರ್ಕು." ಮೂರು ನಾಲ್ಕು ವರ್ಷಕ್ಕೆ ನಾಲ್ಕೈದು ಚಿತ್ರ.

3. ನಿಮ್ಮ ಮನೆಯ ಬ್ರಷ್, ನಿಮ್ಮ ಮನೆಯ ಬಕೆಟ್ಟಿನ ಫೋಟೋ ತೆಗೆದು ಪ್ರಿಂಟ್ ಹಾಕಿಸಿ. ಪುಟ್ಟ ಮಕ್ಕಳಿಗೆ ಗುರುತಿರುವ ವಸ್ತುವಿನ ಫೋಟೋ ಕಾರ್ಟೂನಿಗಿಂತ ಸುಲಭ.

4. ಮೇಲಿನಿಂದ ಕೆಳಕ್ಕೆ ಜೋಡಿಸಿ, ಮಗುವಿನ ಕಣ್ಣಿನ ಎತ್ತರಕ್ಕೆ ಹಾಕಿ. ನಿಮ್ಮ ಕಣ್ಣಿನ ಎತ್ತರಕ್ಕಲ್ಲ.

5. ಕೆಲಸ ಮುಗಿದ ಚಿತ್ರವನ್ನು ಮಗುವೇ ತೆಗೆದು "ಮುಗೀತು" ಎಂಬ ಲಕೋಟೆಗೆ ಹಾಕಲಿ. ಅದರ ಖುಷಿಯೇ ಬೇರೆ.

6. "ಇವತ್ತು ಬೇರೆ" ಎಂಬ ಒಂದು ಚೀಟಿಯೂ ಇರಲಿ. ಟ್ಯಾಂಕರ್ ಬರಲಿಲ್ಲ, ಸ್ನಾನ ಇಲ್ಲ, ಕರೆಂಟಿಲ್ಲ, ಮಳೆ ಬಂತು, ಪಾರ್ಕಿಲ್ಲ. ಕ್ರಮ ತಪ್ಪುವುದನ್ನೂ ಮಗು ಮೊದಲೇ ನೋಡಿ ತಿಳಿಯಲಿ.

ಮೊದಲ ಕೆಲವು ದಿನ ನೀವೂ ಜೊತೆಗೆ ನಿಂತು ತೋರಿಸಬೇಕು. ಏಳನೇ ದಿನ ಪವಾಡ ನಡೆಯುತ್ತದೆ ಎಂದು ಕಾಯಬೇಡಿ. ಕೆಲವು ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ, ಕೆಲವರಿಗೆ ವಾರಗಳು ಬೇಕು, ಕೆಲವರಿಗೆ ಪಟ್ಟಿಯೇ ಬೇಡ.

ಎಲ್ಲಿ ತಪ್ಪುತ್ತೇವೆ?

ಪಟ್ಟಿಯನ್ನೇ ಬೈಯುವ ಕೋಲು ಮಾಡಿಕೊಂಡಾಗ. "ನೋಡು, ಇನ್ನೂ ಎರಡನೇ ಚಿತ್ರದಲ್ಲೇ ಇದ್ದೀಯ" ಎಂದರೆ ಮಗು ಗೋಡೆಯ ಕಡೆ ನೋಡುವುದನ್ನೇ ಬಿಡುತ್ತದೆ. ಇನ್ನೊಂದು, ದೊಡ್ಡವರೇ ಕ್ರಮ ಪಾಲಿಸದಿರುವುದು. ಮಲಗುವ ಚಿತ್ರ ತೋರಿಸಿ ನಾವು ಮೊಬೈಲ್ ಹಿಡಿದು ಕೂತರೆ ಮಗು ಕಲಿಯುವುದು ಚಿತ್ರದಿಂದಲ್ಲ, ನಮ್ಮಿಂದ.

ಮೊಬೈಲ್ ಆ್ಯಪ್‌ಗಳೂ ಇವೆ. ಆದರೆ 2ರಿಂದ 4 ವರ್ಷದ ಮಕ್ಕಳಿಗೆ ಕೂತು ನೋಡುವ ಸ್ಕ್ರೀನ್ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಬ್ರಷ್ ಚಿತ್ರ ನೋಡಲು ಮೊಬೈಲ್ ಕೊಟ್ಟರೆ ಅದು ಬೇರೆ ವಿಡಿಯೋದಲ್ಲಿ ಮುಗಿಯುವ ಸಾಧ್ಯತೆಯೇ ಹೆಚ್ಚು. ಕಾಗದವೇ ಮೇಲು.

ಪಟ್ಟಿ ಸಾಲದ ಸಂದರ್ಭ

ಒಂದು ಮಾತನ್ನು ಮಾತ್ರ ಗಮನವಿಟ್ಟು ಓದಿ. ಹೆಸರು ಕರೆದರೆ ಮಗು ತಿರುಗುವುದಿಲ್ಲ, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಆಡುವುದಿಲ್ಲ, ಬಂದಿದ್ದ ಮಾತು ನಿಂತುಹೋಗಿದೆ ಎಂದಾದರೆ ಪಟ್ಟಿ ಅಂಟಿಸಿ ಕಾಯುತ್ತಾ ಕೂರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿಗಳಿಗೇ ಬಂದು ಮಕ್ಕಳ ಬೆಳವಣಿಗೆಯ ತಪಾಸಣೆ ಮಾಡುತ್ತವೆ, ಉಚಿತವಾಗಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. "ಗಂಡು ಮಕ್ಕಳಿಗೆ ಮಾತು ತಡ" ಎಂದು ಸುಮ್ಮನಿದ್ದರೆ ಕೈಯಲ್ಲಿರುವ ಒಳ್ಳೆಯ ಸಮಯ ಹೋಗುತ್ತದೆ.

ಕೊನೆಗೆ

ಚಿತ್ರ ವೇಳಾಪಟ್ಟಿ ಮಗುವನ್ನು ತಿದ್ದುವ ಯಂತ್ರವಲ್ಲ. ಅಮ್ಮನ ಬಾಯಿಂದ ಹತ್ತು ಸಲ ಬರುತ್ತಿದ್ದ "ಬೇಗ ಬೇಗ"ವನ್ನು ಗೋಡೆಗೆ ವರ್ಗಾಯಿಸುವ ಉಪಾಯ. ಅದರಿಂದ ಬೆಳಗಿನ ಅಳು ವಾರಕ್ಕೆ ಎರಡು ದಿನ ತಪ್ಪಿದರೂ ಒಳ್ಳೆಯದೇ. ತಪ್ಪದಿದ್ದರೆ ಅದು ನಿಮ್ಮ ತಪ್ಪೂ ಅಲ್ಲ, ಮಗುವಿನ ತಪ್ಪೂ ಅಲ್ಲ. ಮುಂದಿನ ಸಲ "ಏಳು ದಿನದಲ್ಲಿ ಹಠ ಮಾಯ" ಎಂಬ ಫಾರ್ವರ್ಡ್ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಈ ವಿವರ ಕಳಿಸಿ.