ಸಾಲದ ವರ್ಷದಲ್ಲಿ ಮೊದಲ ಪಾಲು ಯಾರಿಗೆ?



2021ರ ಮಾರ್ಚ್ 8ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 2021-22ರ ಬಜೆಟ್ ಮಂಡಿಸಿದರು. ಗಾತ್ರ 2,46,207 ಕೋಟಿ ರೂಪಾಯಿ. ಅದಕ್ಕಾಗಿ 71,332 ಕೋಟಿ ಸಾಲ ಎತ್ತಬೇಕಾಗಿತ್ತು. ಅಂದರೆ ನೂರು ರೂಪಾಯಿಯಲ್ಲಿ ಸುಮಾರು 29 ರೂಪಾಯಿ ಸಾಲದ್ದು. ದಿನನಿತ್ಯದ ಖರ್ಚಿಗೇ ವರಮಾನ ಸಾಲದೆ 15 ಸಾವಿರ ಕೋಟಿಗೂ ಮಿಕ್ಕಿ ರಾಜಸ್ವ ಕೊರತೆ ಬಿದ್ದಿತ್ತು. ಇದಕ್ಕಾಗಿ ನಾನು ಸರ್ಕಾರವನ್ನು ದೂರುವುದಿಲ್ಲ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನ, ಮೊದಲು ಪ್ರಕಟವಾದ ಲೆಕ್ಕದಂತೆ, ಶೇ. 23.9ರಷ್ಟು ಕುಸಿಯಿತು. ಇಂಥ ಹೊತ್ತಿನಲ್ಲಿ ಸರ್ಕಾರವೂ ಕೈ ಬಿಗಿ ಹಿಡಿದರೆ ಕೂಲಿಯವರ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಸಾಲ ಮಾಡಲಿ. ಆದರೆ ಸಾಲ ತಂದ ಮನೆಯಲ್ಲಿ ಯಾರ ಎಲೆಗೆ ಮೊದಲು ಬಡಿಸಬೇಕು?

ನಾನು ಬರೆಯುತ್ತಿರುವುದು ಉಡುಪಿಯಿಂದ. ಇಲ್ಲಿ ನಮ್ಮವರು ಕಡಿಮೆ, ಮಠಗಳೂ ಕಡಿಮೆ. ಆದರೆ ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಮಲ್ಪೆ ಬಂದರಿನ ಕೆಲಸಕ್ಕೆ ಬಂದು ನೆಲೆಸಿದ ಕುಟುಂಬಗಳು ಬಹಳ. ಅವರಲ್ಲಿ ಕೊರಳಲ್ಲಿ ಲಿಂಗ ಇರುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಲಾಕ್‌ಡೌನ್ ಬಂದಾಗ ಎಲ್ಲರ ಕೂಲಿಯೂ ಒಂದೇ ದಿನ ನಿಂತಿತು. ಮಣಿಪಾಲದಲ್ಲಿ ವಿದ್ಯಾರ್ಥಿಗಳು ಊರಿಗೆ ಹೋದರು. ಅವರನ್ನೇ ನಂಬಿದ್ದ ಮೆಸ್ಸು, ಜೆರಾಕ್ಸ್ ಅಂಗಡಿ, ಇಸ್ತ್ರಿ ಅಂಗಡಿ, ರಿಕ್ಷಾ ಸ್ಟ್ಯಾಂಡು ಖಾಲಿಯಾದವು. ಕಾಪುವಿನ ಕಡಲ ಮಕ್ಕಳಿಗೆ ಮೀನುಗಾರಿಕೆಯ ಕೊನೆಯ ತಿಂಗಳುಗಳು ಕೈತಪ್ಪಿದವು. ಹಿಂದೆಯೇ ಮಳೆಗಾಲದ ರಜೆ, ಅದು ಮುಗಿದು ದೋಣಿ ಇಳಿಯುವಷ್ಟರಲ್ಲಿ ಸೆಪ್ಟೆಂಬರ್‌ನ ಮಹಾಮಳೆ, ನೆರೆ. ಕಾರ್ಕಳದಲ್ಲಿ ಗೇರುಬೀಜದ ಕಾರ್ಖಾನೆಗೆ ಹೋಗುವ, ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರ ಕೈಗೆ ವಾರದ ಹಣ ಬರುವುದು ನಿಂತಿತು. ಈ ಹಣದಲ್ಲೇ ಎಷ್ಟು ಮನೆಗಳ ಮಕ್ಕಳು ಕಾಲೇಜು ಮುಗಿಸಿದ್ದಾರೆ ಎಂಬುದು ಈ ಊರಿನವರಿಗೆಲ್ಲ ಗೊತ್ತು.

2020ರ ಮೇ ತಿಂಗಳಲ್ಲಿ ಸರ್ಕಾರ 1,610 ಕೋಟಿಯ ನೆರವು ಸಾರಿದಾಗ ನನಗೆ ಸಂತೋಷವಾಗಿತ್ತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಚಾಲಕರಿಗೆ ತಲಾ 5,000. ಕೈಮಗ್ಗದ ನೇಕಾರರಿಗೆ 2,000. ಆ ಪಟ್ಟಿ ಕಲ್ಯಾಣದ ಅನುಭವ ಮಂಟಪದ ಹಾಜರಿ ಪುಸ್ತಕದಂತೆ ಕಂಡಿತ್ತು. ಮಡಿವಾಳ ಮಾಚಿದೇವರು, ಹಡಪದ ಅಪ್ಪಣ್ಣನವರು, ಅಂಬಿಗರ ಚೌಡಯ್ಯನವರು ಇಂದು ಇದ್ದಿದ್ದರೆ ಸಾಲಿನಲ್ಲಿ ನಿಲ್ಲಬೇಕಾಗಿದ್ದವರೇ. ಆ ನೆರವು ಜಾತಿ ಕೇಳಿರಲಿಲ್ಲ, ಕಾಯಕ ಕೇಳಿತ್ತು. ಕೊರತೆ ಇದ್ದದ್ದು ಬೇರೆಡೆ. ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಕಟ್ಟಡ ಕಾರ್ಮಿಕರಿಗಷ್ಟೇ ಹಣ. ಹಂಗಾಮಿಗೊಮ್ಮೆ ಊರು ಬದಲಿಸುವವರು ಯಾವ ಕಚೇರಿಯಲ್ಲಿ ಹೆಸರು ಬರೆಸಿಯಾರು?

2021-22ರ ಬಜೆಟ್ ಕೇಳಿದ ಪ್ರಶ್ನೆಯೇ ಬೇರೆಯಾದಂತಿತ್ತು. ವೀರಶೈವ-ಲಿಂಗಾಯತ ಅಭಿವೃದ್ಧಿ ನಿಗಮಕ್ಕೆ 500 ಕೋಟಿ, ಹೊಸ ಒಕ್ಕಲಿಗ ನಿಗಮಕ್ಕೆ 500 ಕೋಟಿ. ನಮ್ಮ ವಲಯದಲ್ಲಿ ಅಭಿನಂದನಾ ಸಭೆಗಳು ನಡೆದವು. ನಮ್ಮಲ್ಲೂ ಬಡವರಿದ್ದಾರೆ, ನಿಜ. ನಿಗಮ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಬರಗೆಟ್ಟ ವರ್ಷದಲ್ಲಿ, ಸಾಲದ ಹಣದಲ್ಲಿ, ಕಡಲ ಬದಿಯ ಮೊಗವೀರನಿಗೂ ಕಾರ್ಕಳದ ಬೀಡಿ ಕಟ್ಟುವವಳಿಗೂ ಮೊದಲು ನಮ್ಮ ಪಾಲು ಬರಲಿ ಎಂದು ಕೇಳಲು ನಮಗೆ ನಾಲಗೆ ಬರಬೇಕೆ? ಬಸವಣ್ಣನವರ ಅಂಗಳದಲ್ಲಿ ಅಕ್ಕಿ ಆಯ್ದು ತಂದ ಮಾರಯ್ಯನವರು ಅಂದು ಸ್ವಲ್ಪ ಹೆಚ್ಚೇ ತಂದಿದ್ದರು. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ತಿರುಗಿ ಕಳಿಸಿದರು. ಮಠಮಠಗಳಲ್ಲಿ ಪ್ರವಚನಕಾರರು ಈ ಕತೆ ಹೇಳುತ್ತಾರೆ, ನಾವು ತಲೆದೂಗುತ್ತೇವೆ.

ಬಸವಕಲ್ಯಾಣದಲ್ಲಿ 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿಗಳು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಇಟ್ಟರು. ಅದೂ 500 ಕೋಟಿಯ ಯೋಜನೆ. ನಮ್ಮೆಲ್ಲರ ಬಹುದಿನದ ಆಸೆ ಅದು. ಆದರೂ ಒಂದು ವರ್ಷ ತಡವಾಗಿ ಕಟ್ಟಿದರೆ ಬಸವಣ್ಣನವರಿಗೆ ಕೊರತೆಯಾಗುತ್ತದೆಂದು ನನಗೆ ಅನ್ನಿಸುವುದಿಲ್ಲ. ಈ ಮಾತಿಗೆ ಓದುಗರಿಗೆ ಯಾವ ವಚನ ನೆನಪಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಕುಸಿದ ಕಾಯಕವನ್ನು ಎತ್ತಿ ನಿಲ್ಲಿಸುವುದು ಹೇಗೆಂದು ತಿಳಿಯಲು ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. 1925ರಲ್ಲಿ ಇಲ್ಲಿಯ ಕೈಮಗ್ಗಗಳು ಕಷ್ಟದಲ್ಲಿದ್ದಾಗ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಬಂತು. ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದರು. ಬಡವರ ಎರಡಾಣೆಗೆ ಬೆಲೆ ಕೊಟ್ಟ ಆ ಬ್ಯಾಂಕು 2020ರ ಏಪ್ರಿಲ್ 1ರಂದು, ಲಾಕ್‌ಡೌನಿನ ನಡುವೆಯೇ, ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಯೂನಿಯನ್ ಬ್ಯಾಂಕಿಗೆ ಸೇರಿತು.

2021-22ರ ಬಜೆಟ್ಟಿನಲ್ಲಿ ಮಹಿಳಾ ಉದ್ಯಮಿಗಳಿಗೆ ಶೇ. 4ರ ಬಡ್ಡಿಯಲ್ಲಿ 2 ಕೋಟಿವರೆಗೆ ಸಾಲ ಕೊಡುವ ಮಾತಿತ್ತು. ಒಳ್ಳೆಯದೇ. ಆದರೆ ಕಾರ್ಕಳದ ಆ ಹೆಂಗಸಿಗೆ ಬೇಕಾಗಿರುವುದು 2 ಕೋಟಿ ಅಲ್ಲ; ಕಿವಿಯೋಲೆ ಅಡವಿಡದೆ ಸಿಗುವ 20 ಸಾವಿರ. ಕೇಂದ್ರವಂತೂ ಉದ್ಯೋಗ ಖಾತ್ರಿಗೆ 2020-21ರ ಪರಿಷ್ಕೃತ 1,11,500 ಕೋಟಿಯಿಂದ 2021-22ರಲ್ಲಿ 73,000 ಕೋಟಿಗೆ ಇಳಿಯಿತು. ಊರಿಗೆ ಹಿಂದಿರುಗಿದವರೆಲ್ಲ ಮತ್ತೆ ಕೆಲಸಕ್ಕೆ ಸೇರಿದ್ದಾರೆಂದು ದೆಹಲಿಗೆ ಯಾರು ಹೇಳಿದರೋ!

ಕಾಪುವಿನಲ್ಲಿ ಕೋಟೆ ಕಟ್ಟಿಸಿದವರು ಕೆಳದಿಯ ಅರಸರು, ನಮ್ಮವರೇ. ಆ ವಂಶದ ಶಿವಪ್ಪನಾಯಕ ಹೆಸರಾದದ್ದು ಕೋಟೆಗಿಂತ ಶಿಸ್ತಿಗೆ: ನೆಲ ಅಳೆದು, ಮಣ್ಣಿನ ಗುಣ ನೋಡಿ, ಆಮೇಲೆ ಕಂದಾಯ. ನೆರವು ಹಂಚುವಾಗಲೂ ಅದೇ ಶಿಸ್ತು ಇರಲಿ. ಯಾರ ಕೆಲಸ ಹೋಯಿತು, ಯಾರು ಸಾಲ ಮಾಡಿ ಉಂಡರು ಎಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಲೆಕ್ಕವಾಗಲಿ. ನಮ್ಮ ನಿಗಮದ ಹಣವೂ ಶಿಫಾರಸು ಪತ್ರ ತಂದವರಿಗೆ ಹೋಗದೆ, ಗುಳೆ ಹೋದ ಕುಟುಂಬಗಳಿಗೆ ಸಣ್ಣ ಸಾಲವಾಗಿ ಹೋಗಲಿ. ಇದನ್ನು ಕೇಳಬೇಕಾದವರು ನಮ್ಮ ಪೂಜ್ಯರು. ಅವರು ಬರೆದ ಪತ್ರವನ್ನು ಯಾವ ಸರ್ಕಾರವೂ ಬದಿಗಿಡುವುದಿಲ್ಲ. ಪ್ರಸಾದ ನಿಲಯಗಳಿರುವ ಮಠಗಳು ಗುಳೆ ಹೋದವರ ಮಕ್ಕಳಿಗೆ ಜಾತಿ ಕೇಳದೆ ಜೂನ್‌ನಲ್ಲಿ ಒಂದಷ್ಟು ಜಾಗ ಕಾದಿರಿಸಿದರೆ ಆ ಪತ್ರಕ್ಕೆ ಇನ್ನಷ್ಟು ತೂಕ ಬರುತ್ತದೆ.

ಕಾಲಾವಕಾಶ ಹೆಚ್ಚಿರಲಿಲ್ಲ. 2021ರ ಮಾರ್ಚ್‌ನಲ್ಲಿ ಮಣಿಪಾಲದ ಎಂಐಟಿ ಆವರಣ ಕಂಟೈನ್‌ಮೆಂಟ್ ವಲಯವಾಗಿತ್ತು. ಸುತ್ತಲಿನ ಅಂಗಡಿಯವರು 2020ರ ಮಾರ್ಚನ್ನು ನೆನೆದು ಹೆದರಿದ್ದರು. ಪಟ್ಟಿಯ ಕೆಲಸ 2021ರ ಏಪ್ರಿಲ್‌ನಲ್ಲೇ ಶುರುವಾಗಬೇಕಿತ್ತು.